ಮದುವೆಯೂಟದ ಮಾತಿನಿಂದ ನೆರೆಸೇನೆಯನ್ನು ಅಳೆದವರಿಗೆ

ವಿಯೆನ್ನಾ, ಜನವರಿ 1915

ನೆರೆರಾಜ್ಯದ ಸೇನಾಬಲವನ್ನು ಅಂದಾಜು ಮಾಡುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ನನಗೆ ಮದುವೆಯಾಗಿದೆ, ಅದೂ ನಾನು ಮೆಚ್ಚಿದವನ ಜೊತೆಗೇ, ಮತ್ತು ಬೆಳಿಗ್ಗೆ ಎದ್ದು ಗೂಟದಲ್ಲಿ ಅವನ ಟೋಪಿ ಕಂಡರೆ ನನಗೆ ಈಗಲೂ ಸುಮ್ಮಸುಮ್ಮನೆ ನಗು ಬರುತ್ತದೆ! ಈ ಸುದ್ದಿ ನಿಮಗೇಕೆ ಎನ್ನಬೇಡಿ. ನನ್ನ ಮದುವೆ ನಿಮಗೆ ಚೆನ್ನಾಗಿ ಪರಿಚಯ. ನಿಮ್ಮ ಕಚೇರಿಯಲ್ಲಿ ಅದಕ್ಕೆ ‘ಗಡಿಯಾಚೆಯ ನಂಬಲರ್ಹ ಮೂಲ’ ಎಂದು ಹೆಸರು. ಆ ಮೂಲ ನನ್ನ ಸೋದರಮಾವ ವುಕಾಶಿನ್. ಅವರು ನನ್ನ ಮದುವೆಯ ಊಟದಲ್ಲಿ ಆಡಿದ ಮಾತನ್ನು ನಂಬಿ ನೀವು ಸರ್ಬಿಯಾದ ಸೇನೆಗೆ ಬೆಲೆ ಕಟ್ಟಿದಿರಿ, ಆ ಬೆಲೆಯನ್ನು ನೆಚ್ಚಿ ಯುದ್ಧಕ್ಕೆ ಹೋದಿರಿ, ಸೋತು ಬಂದಿರಿ. ಈಗ, ಬೇಕೆಂದೇ ಸುಳ್ಳು ಹೇಳಿ ಸಾಮ್ರಾಜ್ಯದ ದಾರಿ ತಪ್ಪಿಸಿದ ಗೂಢಚಾರನೆಂದು ಅವರನ್ನೇ ಗಲ್ಲಿಗೇರಿಸಲು ಹೊರಟಿದ್ದೀರಿ.

ನಾನು ಜೆಮುನ್‌ನವಳು. ನಮ್ಮ ಮನೆಯ ಕಿಟಕಿ ತೆರೆದರೆ ನದಿಯ ಆಚೆ ಬೆಲ್‌ಗ್ರೇಡ್ ಕಾಣುತ್ತದೆ. ಈಚೆ ದಂಡೆ ಚಕ್ರವರ್ತಿಗಳದ್ದು, ಆಚೆ ದಂಡೆ ಸರ್ಬಿಯಾದ್ದು. ನಮ್ಮಮ್ಮ ಈಚೆ ದಂಡೆಗೆ ಸೊಸೆಯಾಗಿ ಬಂದವರು, ಅವರ ತಮ್ಮ ವುಕಾಶಿನ್ ಮಾವ ಆಚೆಯೇ ಉಳಿದವರು. ನನ್ನನ್ನು ಚಿಕ್ಕಂದಿನಲ್ಲೇ ವಿಯೆನ್ನಾದ ಕಾನ್ವೆಂಟಿಗೆ ಕಳಿಸಿದರು. ಜರ್ಮನ್ ಮಾತಾಡಿ, ಜರ್ಮನ್ ಹಾಡು ಕಲಿತು, ಕೊನೆಗೆ ಜರ್ಮನ್ ಡಾಕ್ಟರನ್ನೇ ಕಟ್ಟಿಕೊಂಡೆ. ಅವನೇ ನನ್ನ ಪೋಲ್ಡಿ. ಅವನಷ್ಟು ಒಳ್ಳೆಯವನು ಇಡೀ ಸಾಮ್ರಾಜ್ಯದಲ್ಲಿ ಇನ್ನೊಬ್ಬನಿಲ್ಲ. ಕ್ಷಮಿಸಿ, ಅವನ ವಿಷಯ ಬಂದರೆ ನನಗೆ ನಿಲ್ಲಿಸಲು ಬರುವುದಿಲ್ಲ.

ಮದುವೆ ಕಳೆದ ಜೂನ್‌ನಲ್ಲಿ ಜೆಮುನ್‌ನ ನಮ್ಮಮ್ಮನ ಮನೆಯ ಅಂಗಳದಲ್ಲೇ ಆಯಿತು. ಪೋಲ್ಡಿಯ ಶಾಲೆಯ ಗೆಳೆಯನಾಗಿ ನಿಮ್ಮ ಕಚೇರಿಯ ಕ್ಯಾಪ್ಟನ್ ಒಬ್ಬರು ಬಂದಿದ್ದರು. ದೂರದಿಂದ ಬಂದ ಅತಿಥಿಯನ್ನು ವಧುವಿನ ಸೋದರಮಾವನ ಪಕ್ಕ ಕೂರಿಸುವುದು ನಮ್ಮಲ್ಲಿ ದೊಡ್ಡ ಮರ್ಯಾದೆ, ಆ ಮರ್ಯಾದೆಯನ್ನು ಅವರಿಗೆ ಮಾಡಿದೆವು. ಅವರು ಸೈನಿಕ ಶಾಲೆಯಲ್ಲಿ ಸರ್ಬಿಯನ್ ಭಾಷೆ ಕಲಿತವರು, ಒಂದು ಪದಕ್ಕೂ ತಡಕಾಡುತ್ತಿರಲಿಲ್ಲ. ಹಾಗಾಗಿ ಭಾಷೆ ತಿಳಿಯದೆ ತಪ್ಪಾಯಿತು ಎಂಬ ಸಮಾಧಾನವೂ ನಿಮಗಿಲ್ಲ.

ಮಾವ ಎದ್ದು ಲೋಟ ಎತ್ತಿದರು. ನಮ್ಮ ಕಡೆ ಮದುವೆಯಲ್ಲಿ ತನ್ನದನ್ನು ಯಾರೂ ಹೊಗಳಿಕೊಳ್ಳುವುದಿಲ್ಲ. ಹೊಗಳಿದರೆ ದೃಷ್ಟಿ ತಾಗುತ್ತದೆ. ಹೆಚ್ಚು ಪ್ರೀತಿ ಇದ್ದದ್ದನ್ನು ಹೆಚ್ಚು ಹಳಿಯಬೇಕು, ಅದೂ ಹೊರಗಿನವರ ಎದುರಿಗೆ. ಆದ್ದರಿಂದ ಮಾವ ನನ್ನಿಂದಲೇ ಶುರು ಮಾಡಿದರು.

“ಡಾಕ್ಟ್ರೇ, ನೋಡಿ ತಗೊಂಡ್ರೋ, ಕಣ್ಮುಚ್ಕೊಂಡು ತಗೊಂಡ್ರೋ? ಈ ಹುಡುಗಿಗೆ ಒಂದು ಕಾಲು ಸೊಟ್ಟ. ಇವಳು ಮಾಡಿದ ಸಾರು ನಮ್ಮನೆ ನಾಯಿ ಕೂಡ ಮೂಸಲ್ಲ.”

ಅಂಗಳವೆಲ್ಲ ನಕ್ಕಿತು. ಪೋಲ್ಡಿಯ ತಾಯಿ ಮಾತ್ರ ಗಾಬರಿಯಾಗಿ ನನ್ನ ಲಂಗದ ಅಂಚಿನ ಕಡೆ ನೋಡಿದರು, ಪಾಪ. ಆಮೇಲೆ ಮಾವ ತನ್ನ ದ್ರಾಕ್ಷಾರಸವನ್ನು ಹಳಿದರು, ಕುದುರೆಯನ್ನು ಹಳಿದರು, ಮೂವರು ಗಂಡುಮಕ್ಕಳನ್ನೂ ಒಬ್ಬೊಬ್ಬರಾಗಿ ಹಳಿದರು. ಆಗ ನಿಮ್ಮ ಕ್ಯಾಪ್ಟನ್ ಬಹಳ ಸಹಜವಾಗಿ, ನಿಮ್ಮ ಕಡೆ ಸೈನ್ಯ ಹೇಗಿದೆ ಎಂದು ಕೇಳಿದರು.

“ಯಾವ ಸೈನ್ಯ ಸ್ವಾಮಿ?” ಎಂದರು ಮಾವ. “ಎರಡು ಯುದ್ಧ ಮಾಡಿ ಸುಸ್ತಾಗಿ ಬಿದ್ಕೊಂಡಿದೀವಿ. ಕಾಲಿಗೆ ಬೂಟಿಲ್ಲ. ಬಂದೂಕನ್ನೆಲ್ಲ ಹುರುಳಿಕಾಯಿ ಬಳ್ಳಿ ಹಬ್ಸೋಕೆ ಊರಿದೀವಿ. ನಮ್ಮ ಜನರಲ್‌ಗಳು ಕೋಳಿ ಕಾಯೋಕೂ ನಾಲಾಯಕ್ಕು.”

“ಕೋಳಿ ವಿಷಯ ನೀನೆತ್ತಬೇಡ,” ಎಂದರು ಮಾವನ ಹೆಂಡತಿ ಸ್ತಾನಾ ಅತ್ತೆ. “ನಿನ್ನ ಕೈಗೆ ಕೊಟ್ಟಿದ್ರೆ ಇವತ್ತು ಊಟಕ್ಕೆ ಒಂದೂ ಇರ್ತಿರ್ಲಿಲ್ಲ.”

ಇಷ್ಟೇ, ಮಾನ್ಯರೇ. ನಿಮ್ಮ ಸಾಮ್ರಾಜ್ಯದ ಯುದ್ಧನೀತಿ ಇದರ ಮೇಲೆ ನಿಂತಿತ್ತು. ಚಿಕ್ಕ ಸರ್ಬಿಯಾವನ್ನು ಬೇಗ ಮುಗಿಸಿ, ಸೈನ್ಯವನ್ನು ಪೂರ್ವಕ್ಕೆ, ರಷ್ಯದ ಕಡೆಗೆ ತಿರುಗಿಸಬಹುದು ಎಂದು ಲೆಕ್ಕ ಹಾಕಿದಿರಿ. ಮಾವ ಮದುವೆಗೆ ಮೆಟ್ಟಿ ಬಂದದ್ದು ತುದಿ ಮೇಲಕ್ಕೆ ಬಾಗಿದ ಹಳ್ಳಿಯ ಚರ್ಮದ ಕೆರ. ಅದನ್ನು ಕಂಡು ‘ಬೂಟಿಲ್ಲದ ಸೇನೆ’ ಎಂದು ತೀರ್ಮಾನಿಸಿದಿರಿ. ಅದೇ ಕೆರ ಮೆಟ್ಟಿ ಅವರು ಅವತ್ತು ಪೋಲ್ಡಿಯ ಚಿಕ್ಕಪ್ಪಂದಿರೆಲ್ಲ ಕುರ್ಚಿಗೆ ಒರಗುವವರೆಗೂ ಕುಣಿದರು. ಅದು ಯಾರ ಕಣ್ಣಿಗೂ ಬೀಳಲಿಲ್ಲವೇ? ಒಂದು ಸಣ್ಣ ಪ್ರಶ್ನೆ: ಒಂದೇ ಬಾಯಿ, ಒಂದೇ ಉಸಿರಿನಲ್ಲಿ, ನನ್ನ ಕಾಲು ಸೊಟ್ಟ ಎಂದೂ ಹೇಳಿತಲ್ಲ, ಅದನ್ನೇಕೆ ನೀವು ಸ್ವೀಕರಿಸಲಿಲ್ಲ? ನನ್ನ ಎರಡು ಕಾಲೂ ನೆಟ್ಟಗಿರುವುದನ್ನು ನಿಮ್ಮ ಕ್ಯಾಪ್ಟನ್ ಕಣ್ಣಾರೆ ಕಂಡರು, ಆದ್ದರಿಂದ ಅದು ತಮಾಷೆ. ಸರ್ಬಿಯಾದ ಸೇನೆಯನ್ನು ಕಾಣಲಿಲ್ಲ, ಆದ್ದರಿಂದ ಅದು ಸತ್ಯ. ಹೀಗೆಯೇ ಅಲ್ಲವೇ ನಿಮ್ಮ ಕಚೇರಿಯ ಪದ್ಧತಿ?

ಆಗಸ್ಟ್‌ನಲ್ಲಿ ಕ್ಯಾಪ್ಟನ್ ನಮ್ಮ ಮನೆಗೆ ಕಾಫಿಗೆ ಬಂದರು. ನಿಮ್ಮ ಮದುವೆಯಿಂದ ದೇಶಕ್ಕೆ ಉಪಕಾರವಾಗಿದೆ ಎಂದು, ಮಾವನ ಮಾತನ್ನು ಕಚೇರಿಗೆ ವರದಿ ಮಾಡಿದ್ದನ್ನೆಲ್ಲ ಹೆಮ್ಮೆಯಿಂದ ಹೇಳಿದರು. ಪೋಲ್ಡಿ ಬಟ್ಟಲು ಕೆಳಗಿಟ್ಟ, ಮತ್ತೆ ಎತ್ತಲಿಲ್ಲ. ನಮ್ಮ ಊಟದ ಮೇಜನ್ನು ಯಾರೋ ಬೀದಿಗೆ ಎಳೆದುಕೊಂಡು ಹೋದ ಹಾಗಾಯಿತು ನನಗೆ. ಆ ನಾಚಿಕೆ ಇನ್ನೂ ಇಳಿದಿಲ್ಲ. ಚಳಿಗಾಲ ಬಂದಾಗ ಪೋಲ್ಡಿಯ ಆಸ್ಪತ್ರೆ ನಮ್ಮ ಹುಡುಗರಿಂದ ತುಂಬಿತು. ಬೂಟಿದ್ದ ಸೇನೆಯ ಹುಡುಗರು ಅವರು. ಕೆಸರಿನಲ್ಲಿ ಅಟ್ಟೆ ಕಿತ್ತುಹೋಗಿ, ಹಿಮಕ್ಕೆ ಕಪ್ಪಾದ ಅವರ ಕಾಲ್ಬೆರಳುಗಳನ್ನು ಕತ್ತರಿಸಿ ಬಂದು, ಪೋಲ್ಡಿ ಎಷ್ಟೋ ಹೊತ್ತು ಕೈ ತೊಳೆಯುತ್ತಾನೆ. ಇಷ್ಟರ ನಡುವೆ ನಾನು ಸುಖವಾಗಿದ್ದೇನೆ, ಅವನು ಬಾಗಿಲು ತಟ್ಟಿದರೆ ಹುಡುಗಿಯ ಹಾಗೆ ಓಡುತ್ತೇನೆ. ಹೀಗೆ ಓಡುವುದಕ್ಕೂ ಈಗ ನಾಚಿಕೆ.

ಡಿಸೆಂಬರ್‌ನಲ್ಲಿ ಬೆಲ್‌ಗ್ರೇಡ್ ಕೆಲವು ದಿನ ನಿಮ್ಮ ಕೈಯಲ್ಲಿತ್ತು. ಆ ಕೆಲವು ದಿನದಲ್ಲಿ ಮಾವನನ್ನು ಹುಡುಕಿ ಹಿಡಿದಿರಿ, ಹಿಂದೆ ಸರಿಯುವಾಗ ಜೊತೆಯಲ್ಲೇ ತಂದಿರಿ. ಫಿರಂಗಿಗಳನ್ನು ಬಿಟ್ಟು ಬಂದಿರಂತೆ, ಈ ಮುದುಕನನ್ನು ಬಿಡಲಿಲ್ಲ! ಅವರ ಹಿಂದೆಯೇ ಸ್ತಾನಾ ಅತ್ತೆಯೂ ನದಿ ದಾಟಿ ಬಂದು ನಮ್ಮಮ್ಮನ ಮನೆ ಸೇರಿದ್ದಾರೆ. ನೋಡಲು ಹೋದೆ. ಬೈಯುತ್ತಾರೆ, ಬೈದರೆ ಹಗುರವಾದೇನು ಎಂದುಕೊಂಡಿದ್ದೆ. ಅವರು ಬೈಯಲಿಲ್ಲ.

“ಆ ಅಧಿಕಾರಿ ಅವತ್ತು ಹೊಟ್ಟೆ ತುಂಬ ಊಟ ಮಾಡಿದ್ನಾ, ಮಗಾ?” ಎಂದು ಕೇಳಿದರು. “ನಮ್ಮಿಂದ ಏನಾದ್ರೂ ಕಮ್ಮಿಯಾಯ್ತಾ?”

ಇದಕ್ಕೆ ನಿಮ್ಮ ಕಚೇರಿ ಏನು ಉತ್ತರ ಕೊಡುತ್ತದೆ?

ಪೋಲ್ಡಿ ಸೇನೆಯ ಡಾಕ್ಟರಾದ್ದರಿಂದ ಮಾವನನ್ನು ಇಟ್ಟಿರುವ ಕೋಟೆಯ ಸೆರೆಮನೆಗೆ ಒಮ್ಮೆ ಹೋಗಲು ಅನುಮತಿ ಸಿಕ್ಕಿತು. ಮಾವ ಇಳಿದುಹೋಗಿದ್ದರು. ನನ್ನನ್ನು ಕಂಡು, ಕಾಲು ಇನ್ನೂ ಸೊಟ್ಟಗೇ ಇದೆಯಾ ಎಂದು ಕೇಳಿದರು. ವಿಚಾರಣೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದೆ.

“ನಾನು ಹೇಳಿದ್ದು ಸುಳ್ಳು ಅಂದ್ರೆ ಗೂಢಚಾರ ಅಂತ ನೇಣು ಹಾಕ್ತಾರೆ. ನಿಜ ಅಂದ್ರೆ ಬಿಟ್ರೂ ಬಿಡಬಹುದು. ಆದ್ರೆ ನನ್ನ ಮೂರು ಮಕ್ಕಳೂ ಆ ಸೈನ್ಯದಲ್ಲಿದಾರೆ ದರಿಂಕಾ. ಒಬ್ಬ ಈಗ ಇಲ್ಲ. ಕೋರ್ಟಲ್ಲಿ ನಿಂತ್ಕೊಂಡು ಅವರನ್ನ ನಾಲಾಯಕ್ಕು ಅಂತ ಹೇಗೆ ಹೇಳ್ಲಿ? ಅವತ್ತು ಹೇಳಿದ್ದು ಬೇರೆ. ಅವತ್ತು ಎಲ್ರೂ ಬದುಕಿದ್ರು.”

ಮಾನ್ಯರೇ, ನಿಮ್ಮ ಕಾನೂನಿನಲ್ಲಿ ಸುಳ್ಳಿಗೆ ಒಂದು ಖಾನೆ ಇದೆ, ನಿಜಕ್ಕೆ ಒಂದು ಖಾನೆ ಇದೆ. ದೃಷ್ಟಿ ತಾಗದಿರಲಿ ಎಂದು ಪ್ರೀತಿಯಿಂದ ಹಳಿದ ಮಾತನ್ನು ಎಲ್ಲಿ ಹಾಕುತ್ತೀರಿ? ಸಾಮ್ರಾಜ್ಯದ ದಾರಿ ತಪ್ಪಿಸಿದ್ದು ಈ ಮುದುಕ ಅಲ್ಲ. ನೆರೆಯವನು ಕೀಳು ಎಂದು ಕೇಳಲು ಮೊದಲೇ ಕಾದು ಕುಳಿತಿದ್ದ ಕಿವಿಗಳು ತಪ್ಪಿಸಿದವು. ಆ ಕಿವಿಗಳಿಗೆ ಈ ನಡುವೆ ಪದಕ ಬಂದಿದೆ ಎಂದು ಕೇಳಿದೆ. ಅಭಿನಂದನೆಗಳು.

ನನ್ನ ಬೇಡಿಕೆ ಇಷ್ಟು. ಮಾವನ ವಿಚಾರಣೆಯಲ್ಲಿ ನನ್ನನ್ನು ಸಾಕ್ಷಿಯಾಗಿ ಕರೆಯಿರಿ. ಆ ಮದುವೆಯ ಊಟದಲ್ಲಿ ಏನು ನಡೆಯಿತು, ನಮ್ಮ ಜನ ಯಾವಾಗ ಏನನ್ನು ಏಕೆ ಹಳಿಯುತ್ತಾರೆ ಎಂದು ನಾನು ನಿಮ್ಮದೇ ಜರ್ಮನ್‌ನಲ್ಲಿ, ನಿಮ್ಮದೇ ಕಾನ್ವೆಂಟಿನ ಉಚ್ಚಾರಣೆಯಲ್ಲಿ ಹೇಳುತ್ತೇನೆ. ಪೋಲ್ಡಿಯ ತಾಯಿಯೂ ಹೇಳಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಮಾವನ ಕುತ್ತಿಗೆಯನ್ನು ಮುಟ್ಟಬೇಡಿ. ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ. ಸೆನ್ಸಾರ್‌ನವರು ಕತ್ತರಿಸಿದರೆ, ಬಿಳಿ ಜಾಗ ಹಾಗೆಯೇ ಅಚ್ಚಾಗಲಿ. ಓದುಗರಿಗೆ ಈಗ ಅದನ್ನು ಓದುವುದೂ ಅಭ್ಯಾಸವಾಗಿದೆ.

ನೀವು ಕರೆಯದಿದ್ದರೂ ನಾನು ಬರುತ್ತೇನೆ. ಬರುವ ಗುರುವಾರ, ಬುಡಾಪೆಸ್ಟಿನಿಂದ ದಕ್ಷಿಣಕ್ಕೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಕೋಟೆಯ ಊರಿಗೆ ಬಂದು ಇಳಿಯುತ್ತೇನೆ.

ಇಂತಿ,
ಮದುವೆಯ ಸಂತೋಷವನ್ನೂ ತಲೆತಗ್ಗಿಸಿ ಅನುಭವಿಸುವಂತಾದ,
ದರಿಂಕಾ ಲಿಂಡ್ನರ್