ಹೆಡ್‌ಮಾಸ್ತರ ಗಣಿತದ ಪಿರಿಯಡ್

ಜೂನ್ 14, ಭಾನುವಾರ

ಆ ಮಾತು ಇನ್ನೂ ಚುಚ್ಚುತ್ತಲೇ ಇದೆ. ಏಪ್ರಿಲ್ ತಿಂಗಳ ಪೋಷಕರ ಸಭೆಯಲ್ಲಿ ಹೆಡ್‌ಮಾಸ್ತರು ನನ್ನತ್ತ ಕೈ ತೋರಿಸಿ, "ಮಕ್ಕಳು ಗಣಿತದಲ್ಲಿ ಫೇಲಾದ್ರೆ ನಾನೇನ್ ಮಾಡ್ಲಿ? ಟೀಚರನ್ನ ಕೇಳಿ" ಅಂದುಬಿಟ್ಟರು. ಇನ್ನೊಬ್ಬ ಗಣಿತ ಟೀಚರ್ ಬಿಟ್ಟು ಹೋದ ಮೇಲೆ, ಎರಡು ವರ್ಷದಿಂದ ಇಬ್ಬರ ಪಾಠವನ್ನೂ ನಾನೊಬ್ಬಳೇ ಮಾಡುತ್ತಿದ್ದೇನೆ.

ಶಾಲೆಯ ವಾರ್ತಾಪತ್ರ ಬರೆಯುವವಳೂ ನಾನೇ. ಅವರು ಅದನ್ನು ಎಂದೂ ಓದಿದವರಲ್ಲ, ಫೋನಿನಲ್ಲಿ ಹರಟುತ್ತಲೇ ಸಹಿ ಹಾಕುತ್ತಾರೆ. ಈ ಸಲ 'ವರ್ಷದ ಗುರಿಗಳು' ಪುಟದಲ್ಲಿ ನಾನು ಇಷ್ಟು ಸೇರಿಸಿದೆ: "ಪ್ರತಿ ಸೋಮವಾರ ಮೊದಲನೇ ಪಿರಿಯಡ್‌ನಲ್ಲಿ ಒಂಬತ್ತನೇ ತರಗತಿಗೆ ಮುಖ್ಯೋಪಾಧ್ಯಾಯರೇ ಗಣಿತ ಕಲಿಸುವರು. ಪೋಷಕರೂ ಬಂದು ಕೂರಬಹುದು." ಸಹಿ ಬಿತ್ತು. ನಿನ್ನೆ ಮನೆಮನೆಗೂ ಹೋಯಿತು.

ಇವತ್ತು ಸಂಜೆ ಅವರ ಫೋನ್.

"ಏನಮ್ಮಾ ಇದು? ಯಾರನ್ನ ಕೇಳಿ ಹಾಕಿದ್ರಿ?"

"ಕೆಳಗೆ ನಿಮ್ಮ ಸಹಿ ಇದೆಯಲ್ಲ ಸಾರ್."

"ನಾನು ಗಣಿತ ಮುಟ್ಟಿ ಇಪ್ಪತ್ತು ವರ್ಷ ಆಯ್ತು ಕಣಮ್ಮಾ!"

ಪಾಪ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಹದಿನೇಳು ಮಂದಿ ಪೋಷಕರು ಬರುತ್ತೇವೆ ಅಂದಿದ್ದಾರೆ. ನಿನ್ನೆಯೇ ಹೆಡ್‌ಮಾಸ್ತರ ಮೇಜಿನ ಮೇಲೆ ಹೊಸ ಸೀಮೆಸುಣ್ಣದ ಡಬ್ಬಿ ಇಟ್ಟು ಬಂದಿದ್ದೇನೆ. ನಾಳೆ ಕೊನೆಯ ಬೆಂಚಿನಲ್ಲಿ ನಾನೂ ಕೂರುತ್ತೇನೆ. ಅರ್ಥವಾಗದಿದ್ದರೆ ಯಾರನ್ನು ಕೇಳಬೇಕೆಂದು ಅವರೇ ಹೇಳಿದ್ದಾರಲ್ಲ, ಟೀಚರನ್ನ.