ಎದೆಯುರಿ ಮಾಡಿಸಿದ ರಾಜಿ

ಇಳಕಲ್ಲ
೧೪ ಫೆಬ್ರವರಿ ೨೦೨೫

ಪ್ರೀತಿಯ ಶೀಲಾ,

ಬಾದಾಮಿಯಲ್ಲಿ ನೀನು, ಮಕ್ಕಳು ಸುಖವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಫೋನು ಬಂದಾಗಲೆಲ್ಲ "ಆಮ್ಯಾಲ ಮಾಡ್ತೇನಿ" ಎಂದು ಇಟ್ಟುಬಿಟ್ಟೆ, ಸಿಟ್ಟಾಗಬೇಡ. ನಾನು ಫೋನ್ ಹಿಡಿದರೆ ಸಾಕು, ಅತ್ತೆ ಟಿವಿ ಸದ್ದು ಸಣ್ಣದು ಮಾಡಿ ಕೂಡುತ್ತಾರೆ. ಅದಕ್ಕೇ ಈ ಕಾಗದ.

ನಮ್ಮವರು ಹೋದ ವಾರ ಸತ್ತು ಬದುಕಿದರು. ಅಂದರೆ, ಅವರ ಲೆಕ್ಕದಲ್ಲಿ.

ಗುಳೇದಗುಡ್ಡದಲ್ಲಿ ನಾದಿನಿಯ ಮಗುವಿನ ತೊಟ್ಟಿಲ ಕಾರ್ಯವಿತ್ತು, ಫೋಟೋ ನಮ್ಮವರದೇ. ಫೋಟೋ ತೆಗೆಯುವವರ ಊಟ ನಿನಗೆ ಗೊತ್ತಲ್ಲ, ಎಲ್ಲರದೂ ಮುಗಿದ ಮೇಲೆ, ಎಲ್ಲರಿಗಿಂತ ಹೆಚ್ಚು. ತುಪ್ಪ ಸುರಿದ ಹೋಳಿಗೆ, ಮಿರ್ಚಿ ಭಜಿ, ಮೇಲೊಂದು ಗುಟಖಾ. ಹೊಟ್ಟೆ ಕಾಣಬಾರದೆಂದು ಬೆಲ್ಟು ಬಿಗಿದುಕೊಂಡಿದ್ದವರು ಹಾಗೇ ಚಾಪೆಯ ಮೇಲೆ ಅಡ್ಡಾದರು. ಸ್ವಲ್ಪ ಹೊತ್ತಿಗೆ ಎದೆ ಹಿಡಿದುಕೊಂಡು ಎದ್ದು ಕೂತು, "ಬಸವೇಶ್ವರಿ, ಎದ್ಯಾಗ ಬೆಂಕಿ ಬಿದ್ದೇತಿ. ನಾ ಹೊಂಟೆ" ಎಂದರು.

ಅಲ್ಲಿ ಕಾರಿದ್ದುದು ಅವರ ಅಣ್ಣ ಶ್ರೀಶೈಲ ಭಾವನದೊಂದೇ. ಮಗಳ ಮದುವೆಗೆ ತಮ್ಮನನ್ನು ಬಿಟ್ಟು ಹುನಗುಂದದ ಫೋಟೋದವನನ್ನು ಕರೆಸಿದ್ದರಲ್ಲ, ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆದರೂ ಭಾವ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಓಡಿಬಂದು ಸ್ಟೇರಿಂಗ್ ಹಿಡಿದರು.

ದಾರಿಯುದ್ದಕ್ಕೂ ನಮ್ಮವರು ಹಂಚಿದ್ದೇ ಹಂಚಿದ್ದು. ಕ್ಯಾಮೆರಾ ಭಾವನ ಮಗನಿಗೆ, ಡ್ರೋನು ನಮ್ಮ ಮಗಳು ಪ್ರಿಯದರ್ಶಿನಿಗೆ. ಕೊನೆಗೆ ಭಾವನ ಭುಜ ಹಿಡಿದು, "ಅಣ್ಣಾ, ಆ ಹುನಗುಂದದಾಂವ ಫೋಟೋ ಛಲೋನ ತಗದಿದ್ದ. ನಾ ಹೊಟ್ಟಿಕಿಚ್ಚಿಗೆ ಬೈದೆ" ಎಂದರು.

ಭಾವ ಅಳುತ್ತ, "ಎಲ್ಲಿ ಛಲೋ ತಗದಾನೋ ತಮ್ಮಾ! ಎಲ್ಲಾರ ಕಣ್ಣೂ ಮುಚ್ಚ್ಯಾವು!" ಎಂದರು.

ಬಾಗಲಕೋಟೆ ದವಾಖಾನೆಯಲ್ಲಿ ಇಸಿಜಿ, ರಕ್ತ ಎಲ್ಲ ನೋಡಿ ಡಾಕ್ಟರ್ ಖುಶನುಮಾ ನಕ್ಕರು. "ಹೃದಯ ಗಟ್ಟಿ ಐತ್ರಿ. ಹೊಟ್ಟ್ಯಾಗಿನ ಆಮ್ಲ ಮ್ಯಾಲ ಅನ್ನನಾಳಕ್ಕ ಏರೇತಿ."

"ಬರೇ ಆ್ಯಸಿಡಿಟಿಯೇನ್ರಿ?" ನಮ್ಮವರಿಗೆ ಅವಮಾನವೇ ಆಯಿತು.

"ಬರೇ ಅನಬ್ಯಾಡ್ರಿ. ನೂರು ಮಂದ್ಯಾಗ ಹತ್ತು ಹದಿನೈದು ಮಂದಿಗೆ ಇರ್ತೈತಿ. ಮೈಭಾರ, ಗುಟಖಾ, ಹೊತ್ತಿಲ್ಲದ ಹೊತ್ತಿನ್ಯಾಗ ಊಟ, ಉಂಡ ಕೂಡ್ಲೇ ಮಲಗೂದು... ಮದಲ ಆ ಬೆಲ್ಟ್ ಬಿಚ್ರಿ! ಆದ್ರ ಎದಿ ನೋವು ಬಂದ್ರ ಮನ್ಯಾಗ ಕುಂದರಬ್ಯಾಡ್ರಿ, ಹಿಂಗ ಓಡಿ ಬರ್ರಿ. ಹೃದಯದ್ದೋ ಹೊಟ್ಟೀದೋ ನಿಮಗ ತಿಳಿಯಂಗಿಲ್ಲ."

ಬೆಲ್ಟು ಬಿಚ್ಚಿದ್ದೇ ತಡ, ಜೀವ ಬಂತು. ಜೀವದ ಹಿಂದೆ ಸಿಟ್ಟೂ ಬಂತು. "ಹುನಗುಂದದಾಂವನ ಮಾತು ಸಾಯೂ ಮುಂದ ಅಂದಿದ್ದು. ಈಗ ಅದು ನಡ್ಯಂಗಿಲ್ಲ!" ಎಂದರು.

"ಹಂಗಾರ ಬಸ್ಸಿಗೆ ಬಾ ಲೇ" ಎಂದರು ಭಾವ. ಹಾಗೆಂದವರೇ ತಮ್ಮನನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡರು. ಇಳಕಲ್ಲಿನವರೆಗೂ ಇಬ್ಬರೂ ಬೈದಾಡಿಕೊಂಡೇ ಬಂದರು. ಇಷ್ಟು ವರ್ಷದ ಮೇಲೆ ಅದೂ ಮಾತೇ ಅಲ್ಲವೇನೇ?

ಈಗ ಮನೆಯಲ್ಲಿ ಸಂಜೆಯೇ ಊಟ. ಆಮ್ಲ ಮೇಲೇರದಿರಲೆಂದು ಮಂಚದ ತಲೆಯ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದೇವೆ. ನಮ್ಮವರು ಮಹಾರಾಜರಂತೆ ಮಲಗುತ್ತಾರೆ. ಅತ್ತೆ ಮಗನಿಗೆಂದು ಸಪ್ಪನ ಪಲ್ಯ ಮಾಡಿಸಿ, ತಾವು ಮಾತ್ರ ಕೆಂಪುಮೆಣಸಿನ ರಂಜಕದ ಚಟ್ನಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಿನ್ನುತ್ತಾರೆ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಹೊತ್ತಿಗೆ ಸರಿಯಾಗಿ ಉಣ್ಣಲಿ.

ನಿನ್ನ
ಬಸವೇಶ್ವರಿ

ತಾ.ಕ.: ಅಂದು ದವಾಖಾನೆಯಲ್ಲಿ ಅಣ್ಣತಮ್ಮಂದಿರು ಗುಳಿಗೆ ತರಲು ಹೊರಗೆ ಹೋದಾಗ ನಾನು ಎದೆ ಒತ್ತಿಕೊಂಡು ನೀರು ಕುಡಿಯುತ್ತಿದ್ದೆ. ಡಾಕ್ಟರು ನನ್ನನ್ನೇ ನೋಡಿ, "ನಿಮಗ ಯಾವಾಗಿಂದ ಐತ್ರಿ ಇದು?" ಎಂದರು. ಪ್ರಿಯದರ್ಶಿನಿ ಹೊಟ್ಟೆಯಲ್ಲಿದ್ದಾಗ ಶುರುವಾದದ್ದು ಶೀಲಾ, ಅವಳೀಗ ಹತ್ತನೇ ತರಗತಿ. ಹೇಳಿದಾಗಲೆಲ್ಲ ನಮ್ಮವರದು ಒಂದೇ ಮಾತು, "ತಣ್ಣನ ಹಾಲು ಕುಡದು ಮಲಕೋ." ನನಗೆಂದು ಯಾರೂ ಕಾರು ತೆಗೆಯಲಿಲ್ಲ. ಡಾಕ್ಟರು ಕೇಳಿದ್ದಕ್ಕೇ ಅತ್ತುಬಿಟ್ಟೆ. ಇದೇ ಇಪ್ಪತ್ತನಾಲ್ಕು, ಸೋಮವಾರ, ತಪಾಸಣೆಗೆ ಬರಹೇಳಿದ್ದಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನೀನು ಬಾಗಲಕೋಟೆ ಬಸ್‌ಸ್ಟ್ಯಾಂಡಿಗೆ ಬರುತ್ತೀಯಾ? ನನ್ನ ಜೊತೆಗೂ ಒಬ್ಬರಿರಲಿ.