ಬಸ್ ಸ್ಟಾಪಿನ ಕೊನೆಯವನು

ಅಕ್ಕಾ,

ಹವಾನಾದ ಬಸ್ ಸ್ಟಾಪಿನಲ್ಲಿ ಕಾಯುವವರ ಫೋಟೊ ತೆಗೆಯುತ್ತಿದ್ದೆ. ಬಾದಾಮಿ ಮರದ ನೆರಳಲ್ಲಿ, ಮೆಟ್ಟಿಲ ಮೇಲೆ, ಎಲ್ಲರೂ ನಿದ್ದೆಯಲ್ಲಿ ತೇಲುವವರಂತೆ ಚೆದುರಿದ್ದರು. ಆದರೂ ಸರದಿಯಲ್ಲಿ ತಮ್ಮ ಮುಂದಿನವರು ಯಾರೆಂದು ಎಲ್ಲರಿಗೂ ಗೊತ್ತು. ಛತ್ರಿ ಹಿಡಿದ ಅಜ್ಜಿಯೊಬ್ಬಳು ಬಂದು, ಯಾರ ಹಿಂದೆ ತನ್ನ ಸರದಿಯೆಂದು ತಿಳಿಯಲು, "ಕೊನೇವ್ರು ಯಾರಪ್ಪಾ?" ಅಂದಳು. ನಾನು ಬಸ್ಸಿಗೆ ಕಾಯುತ್ತಿರದಿದ್ದರೂ, ಕ್ಯಾಮೆರಾದಿಂದ ಕಣ್ಣು ತೆಗೆಯದೆ, ಅಭ್ಯಾಸಬಲದಿಂದ "ನಾನೇ" ಅಂದುಬಿಟ್ಟೆ.

ಬಸ್ಸು ಬಂತು. ಎಲ್ಲರೂ ಕನಸಿನಲ್ಲೆಂಬಂತೆ ಒಬ್ಬರ ಹಿಂದೊಬ್ಬರು ಹತ್ತಿದರು. ಅಜ್ಜಿ ನನ್ನನ್ನು ಛತ್ರಿಯಿಂದ ತಿವಿದಳು. "ಹತ್ತೋ ಮಗಾ! ನೀನು ಹತ್ತದೆ ನಾನ್ ಹೆಂಗ್ ಹತ್ಲಿ?"

ಹತ್ತಿದೆ. ಹೆಸರೇ ಕೇಳದ ಕಡಲ ತೀರದ ಊರಿನಲ್ಲಿ ಇಳಿದು ಬರೆಯುತ್ತಿದ್ದೇನೆ. ನನ್ನ ಕೆಮ್ಮು ವಾಸಿಯಾಗಿದೆ.

ಕಾಯಿಲೆಬಿದ್ದ ಅಮ್ಮನನ್ನು ನೋಡಲು ಉಳಿದ ಮಕ್ಕಳೆಲ್ಲ ಬಂದುಹೋದರೆಂದು ನೀನು ಬರೆದಿದ್ದೆ. ಅವಳು ಕೇಳಿದರೆ ಹೇಳು: ಕೊನೆಯವನು ನಾನು, ಸಾಲು ಬಿಟ್ಟಿಲ್ಲ.

ಎವೆಲಿಯೊ